ಭ್ರಮಣಕ್ಕೊಂದು ಕನ್ನಡ ನಾಮಪದ ಬೇಕಾಗಿದೆ

ಮಾನ್ಯರೆ,

ಉಡುಪಿಯ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ನಾನು ವಿಜ್ಞಾನ ಕಲಿಸುತ್ತೇನೆ. ಸೌರವ್ಯೂಹದ ಪಾಠ ಬಂದಾಗಲೆಲ್ಲ ತೊಡಕಾಗುವ ಎರಡು ಪದಗಳ ಬಗ್ಗೆ ತಿಳಿದವರನ್ನು ಕೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಗ್ರಹವು ತನ್ನ ಅಕ್ಷದ ಮೇಲೆ ತಾನೇ ತಿರುಗುವುದಕ್ಕೆ 'ಭ್ರಮಣ' ಎಂದೂ ಸೂರ್ಯನ ಸುತ್ತ ಹೋಗಿ ಬರುವುದಕ್ಕೆ 'ಪರಿಭ್ರಮಣ' ಎಂದೂ ಹೇಳಿಕೊಡುತ್ತೇವೆ. ಕಿವಿಗೆ ಇವೆರಡಕ್ಕೂ ಇರುವ ವ್ಯತ್ಯಾಸ ಒಂದು ಉಪಸರ್ಗದಷ್ಟು ಮಾತ್ರ. ಆ ಉಪಸರ್ಗವಾದರೂ ಅರ್ಥವನ್ನು ಬೇರ್ಪಡಿಸುತ್ತದೆಯೇ ಎಂದರೆ ಅದೂ ಅನುಮಾನವೇ. 'ಭ್ರಮ್' ಧಾತುವಿನಲ್ಲಿ ಅಲೆ, ತಿರುಗು, ಸುತ್ತು ಎಂಬ ಅರ್ಥಗಳೆಲ್ಲ ಒಟ್ಟಿಗೇ ಇವೆ, 'ಪರಿ' ಎಂಬುದು ಸುತ್ತಲೂ ಎಂದು ಸೂಚಿಸುತ್ತದೆಯೇ ಹೊರತು ಯಾವುದರ ಸುತ್ತ ಎಂದು ಹೇಳುವುದಿಲ್ಲ. ಮಕ್ಕಳಿಗಂತೂ ಮೊದಲೇ ಪರಿಚಯವಿರುವುದು 'ಮತಿಭ್ರಮಣೆ' ಒಂದೇ. ಭೂಮಿಯ ಭ್ರಮಣ ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ.

ಭೂಮಿಯ ಮಟ್ಟಿಗೆ ತಪ್ಪು ತಾನಾಗಿಯೇ ಬಯಲಾಗುತ್ತದೆ. ಒಂದು ದಿನ, 365 ದಿನ ಎಂಬ ಎರಡು ಸಂಖ್ಯೆಗಳನ್ನು ಅದಲುಬದಲು ಬರೆದವರಿಗೆ ಓದುವಾಗಲೇ ಅದು ತಿಳಿದುಬಿಡುತ್ತದೆ. ಶುಕ್ರನಲ್ಲಿ ಹಾಗಲ್ಲ. ಅದು ತನ್ನ ಅಕ್ಷದಲ್ಲಿ ಒಮ್ಮೆ ತಿರುಗುವುದಕ್ಕೆ ಸುಮಾರು 243 ದಿನ ಬೇಕು, ಸೂರ್ಯನನ್ನು ಒಮ್ಮೆ ಸುತ್ತುವುದಕ್ಕೆ 225 ದಿನ ಸಾಕು. ಇಲ್ಲಿ ಪದ ತಪ್ಪಿದರೆ ವಿಷಯವೇ ತಲೆಕೆಳಗಾಗುತ್ತದೆ. 'ದೈನಂದಿನ ಚಲನೆ', 'ವಾರ್ಷಿಕ ಚಲನೆ' ಎಂಬ ಜೋಡಿ ಭೂಮಿಯಿಂದಾಚೆಗೆ ನಡೆಯುವುದಿಲ್ಲವೆಂಬುದಕ್ಕೂ ಶುಕ್ರನೇ ಸಾಕ್ಷಿ. 'ಆವರ್ತನೆ' ಎಂಬ ಪದವೂ ಉಂಟು, ಆದರೆ ಮುಂದಿನ ತರಗತಿಗಳಲ್ಲಿ ಮೂಲವಸ್ತುಗಳ ಆವರ್ತ ಕೋಷ್ಟಕ, ತರಂಗದ ಆವರ್ತಾಂಕ ಎಂದು ಅದು ಬೇರೆ ಕೆಲಸಗಳಿಗೆ ನೇಮಕವಾಗಿಬಿಟ್ಟಿದೆ.

ನಮ್ಮ ಊರಿನಲ್ಲಿ ಸುಲಭವಾಗಿ ಹೊಳೆಯುವುದು 'ಪ್ರದಕ್ಷಿಣೆ' ಮತ್ತು 'ಆತ್ಮಪ್ರದಕ್ಷಿಣೆ'. ದೇವರಿಗೆ ಸುತ್ತು ಬರುವುದು ಮೊದಲನೆಯದು, ಕೈಮುಗಿದು ನಿಂತಲ್ಲಿಯೇ ತಿರುಗುವುದು ಎರಡನೆಯದು. ನಾನೂ ಕೆಲವು ವರ್ಷ ಹಾಗೆಯೇ ಕಲಿಸಿದೆ. ಆಮೇಲೆ ಎರಡು ತೊಂದರೆಗಳು ಕಂಡವು. ಪ್ರದಕ್ಷಿಣೆಯೆಂದರೆ ದೇವರನ್ನು ಬಲಕ್ಕಿಟ್ಟುಕೊಂಡು ಗಡಿಯಾರದ ಮುಳ್ಳಿನಂತೆ ಹೋಗುವುದು. ಉತ್ತರ ಧ್ರುವದ ಮೇಲಿನಿಂದ ನೋಡಿದರೆ ಭೂಮಿ ಸೂರ್ಯನನ್ನು ಸುತ್ತುವುದೂ ತನ್ನಲ್ಲಿ ತಿರುಗುವುದೂ ಮುಳ್ಳಿಗೆ ವಿರುದ್ಧವಾಗಿ, ಅಂದರೆ ಅಪ್ರದಕ್ಷಿಣವಾಗಿ. ಇನ್ನೊಂದು ತೊಂದರೆಯನ್ನು ತೋರಿಸಿಕೊಟ್ಟವಳು ಏಳನೆಯ ತರಗತಿಯ ಹುಡುಗಿ. ಒಬ್ಬಳಿಗೆ ಅಂಗಳದ ಧ್ವಜಸ್ತಂಭಕ್ಕೆ ಪ್ರದಕ್ಷಿಣೆ ಬರಲು ಹೇಳಿ, ಅವಳ ಮುಖ ಯಾವ ಕಡೆಗಿದೆ ಎಂದು ಉಳಿದವರಿಂದ ಬರೆಸುತ್ತಿದ್ದೆ: ಮೊದಲು ರಸ್ತೆ, ಆಮೇಲೆ ಬಾವಿ, ಅಡುಗೆಕೋಣೆ, ಕೊನೆಗೆ ಗುಡ್ಡೆ. "ಟೀಚರ್, ಹಾಗಾದರೆ ಇವಳು ಒಂದು ಆತ್ಮಪ್ರದಕ್ಷಿಣೆಯನ್ನೂ ಹಾಕಿದ ಹಾಗಾಯಿತಲ್ಲ?" ಎಂದು ಆ ಹುಡುಗಿ ಕೇಳಿದಳು. ಹೌದು. ಬಲಭುಜವನ್ನು ದೇವರ ಕಡೆಗೇ ಇಟ್ಟು ಒಂದು ಸುತ್ತು ಮುಗಿಸುವವರು ತಮಗೆ ಅರಿವಿಲ್ಲದೆಯೇ ತಮ್ಮ ಅಕ್ಷದಲ್ಲಿಯೂ ಒಮ್ಮೆ ತಿರುಗಿರುತ್ತಾರೆ. ದಿಕ್ಕೊಂದನ್ನು ಬಿಟ್ಟರೆ ಇದು ಚಂದ್ರನ ರೀತಿ; 27.3 ದಿನಗಳಲ್ಲಿ ಎರಡೂ ಮುಗಿಯುವುದರಿಂದಲೇ ನಮಗೆ ಅದರ ಒಂದೇ ಮುಖ ಕಾಣುತ್ತದೆ. ಚಂದ್ರನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ, ಆದರೆ ಎರಡು ಚಲನೆಗಳನ್ನು ಬೇರೆಬೇರೆಯಾಗಿ ಹೆಸರಿಸಬೇಕಾದಲ್ಲಿ ಎರಡೂ ಬೆರೆತಿರುವ ಪದ ಒದಗದು. ಬ್ಯಾರಿ ಮುಸ್ಲಿಮರ ಮತ್ತು ಕ್ರೈಸ್ತರ ಮನೆಗಳ ಮಕ್ಕಳಿಗೆ ಈ ಪದಗಳು ಮನೆಯ ಮಾತಲ್ಲವೆಂಬುದೂ ನನ್ನ ಗಮನದಲ್ಲಿದೆ.

ಸೂರ್ಯನ ಸುತ್ತಣ ಚಲನೆಗೆ ನಾನು ಈಗ 'ಸುತ್ತು' ಎಂದೇ ಹೇಳುತ್ತಿದ್ದೇನೆ. 'ಶುಕ್ರನ ಒಂದು ಸುತ್ತಿಗೆ 225 ದಿನ' ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ದೇವಸ್ಥಾನದ ಉತ್ಸವ ಬಲಿಯಲ್ಲಿ ಚೆಂಡೆಯೊಡನೆ ದೇವರು ಬರುವ ಸುತ್ತನ್ನು ಕಂಡವರಿಗಂತೂ ಸುತ್ತನ್ನು ಎಣಿಸುವುದೂ ಗೊತ್ತು. ಅಕ್ಷದ ಮೇಲಿನ ಚಲನೆಗೆ 'ತಿರುಗು' ಎಂಬ ಕ್ರಿಯಾಪದ ಸಾಕು, ಬುಗುರಿ ತಿರುಗುವುದನ್ನು ಎಲ್ಲರೂ ಬಲ್ಲರು. ತೊಡಕು ಇರುವುದು ನಾಮಪದದಲ್ಲಿ. 'ತಿರುಗಾಟ' ಎಂದರೆ ಇಲ್ಲಿ ಯಕ್ಷಗಾನ ಮೇಳ ಊರೂರಿಗೆ ಹೋಗಿ ಆಟ ಆಡುವುದು; ಭೂಮಿಯ ತಿರುಗಾಟ ಎಂದರೆ ಈ ರಾತ್ರಿ ಯಾವ ಊರಿನಲ್ಲಿ ಎಂದು ಕೇಳುವ ಮಕ್ಕಳಿದ್ದಾರೆ. 'ತಿರುಗುವಿಕೆ' ವ್ಯಾಕರಣಕ್ಕೆ ಸರಿ, ನಾಲಗೆಗೆ ಸಪ್ಪೆ.

ಉಳಿದದ್ದು 'ಗಿರಕಿ'. ವೇಷಧಾರಿ ರಂಗದ ಮೇಲೆ ಗಿರಕಿ ಹೊಡೆಯುವುದನ್ನು ನೋಡಿದವರಿಗೆ ಅದು ತನ್ನ ಸುತ್ತ ತಾನು ತಿರುಗುವುದೆಂದು ಹೇಳಿಕೊಡಬೇಕಾಗಿಲ್ಲ. ಯಕ್ಷಗಾನದ ಬಡಗು (ಉತ್ತರದ) ಶೈಲಿಯ ಮಂಡಿ ಕುಣಿತದಲ್ಲಿ ಮೊಣಕಾಲೂರಿ ತಿರುಗುತ್ತಲೇ ರಂಗಸ್ಥಳಕ್ಕೆ ಸುತ್ತು ಬರುವಾಗ ಗಿರಕಿಯೂ ಸುತ್ತೂ ಒಟ್ಟಿಗೇ ಬೇರೆಬೇರೆಯಾಗಿ ಕಾಣುತ್ತವೆ. ಆದರೆ ಮಳೆಗಾಲದಲ್ಲಿ ಬಜಪೆಯ ವಿಮಾನ ನಿಲ್ದಾಣದಲ್ಲಿ ಇಳಿಯಲಾಗದ ವಿಮಾನ 'ಆಕಾಶದಲ್ಲಿ ಗಿರಕಿ ಹೊಡೆಯಿತು' ಎಂದು ಪತ್ರಿಕೆಯವರು ಬರೆದಾಗ, ಟಿಕೆಟ್ ಆಕಾಂಕ್ಷಿಗಳು ನಾಯಕರ ಮನೆಯ ಸುತ್ತ 'ಗಿರಕಿ ಹೊಡೆಯುತ್ತಿದ್ದಾರೆ' ಎಂದಾಗ, ಅರ್ಥ ಸುತ್ತಿನ ಕಡೆಗೆ ಜಾರುತ್ತದೆ. ಹೀಗಾಗಿ ನನ್ನ ಪ್ರಶ್ನೆ ಇದು: ನಿಮ್ಮ ಸೀಮೆಯಲ್ಲಿ 'ಗಿರಕಿ'ಗೆ ಮೊದಲು ತೋಚುವ ಅರ್ಥ ಯಾವುದು, ಮತ್ತು ಬುಗುರಿಯೋ ಬೀಸುವ ಕಲ್ಲೋ ತನ್ನಲ್ಲಿಯೇ ತಿರುಗುವುದಕ್ಕೆ, 'ಅವಧಿ', 'ವೇಗ' ಮುಂತಾದವುಗಳೊಡನೆ ಸೇರಿಸಿ ಬರೆಯಬಹುದಾದ ಬೇರೊಂದು ನಾಮಪದ ನಿಮ್ಮಲ್ಲಿ ಬಳಕೆಯಲ್ಲಿದೆಯೇ?