ಬಿಸಿ ಮಾಡಿದ ಗ್ರಾಫೀನ್ ತಣ್ಣಗಾದರೂ ರೋಧ ಇಳಿಯುತ್ತಿಲ್ಲ

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ತಾಮ್ರದ ಹಾಳೆಯ ಮೇಲೆ ಬೆಳೆಸಿದ ಒಂದೇ ಪದರದ ಗ್ರಾಫೀನನ್ನು (ಒಂದು ಪರಮಾಣು ದಪ್ಪದ ಇಂಗಾಲದ ಹಾಳೆ) 300 ನ್ಯಾನೋಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಬಿಲ್ಲೆಗೆ ವರ್ಗಾಯಿಸಿದ್ದೇನೆ. ಹಾಟ್ ಪ್ಲೇಟ್ ಮೇಲಿಟ್ಟು ಎರಡು ಪ್ರೋಬ್‌ಗಳಿಂದ ಅಳೆದರೆ 30 ಡಿಗ್ರಿಯಲ್ಲಿ 1.9 ಕಿಲೋಓಮ್, 110ರಲ್ಲಿ 2.6. ಲೋಹದ ಹಾಗೆ ಏರಿತಲ್ಲ, ಫೋನಾನ್‌ಗಳದೇ (ಪರಮಾಣುಗಳ ಕಂಪನಗಳದೇ) ಕೆಲಸ ಎಂದುಕೊಂಡೆ. ಆದರೆ ಮತ್ತೆ 30ಕ್ಕೆ ಇಳಿಸಿದಾಗ 2.5ರಲ್ಲೇ ನಿಂತಿತು. ಮರುದಿನ ಬೆಳಿಗ್ಗೆ ನೋಡಿದರೆ 2.0! ಮೂರು ತುಣುಕುಗಳಲ್ಲೂ ಹೀಗೆಯೇ. ಮಾದರಿ ಕೆಟ್ಟಿದೆಯೇ?

ಉತ್ತರ 1
ಮೊದಲು ನಾಲ್ಕು ಪ್ರೋಬ್‌ಗಳಿಗೆ ಬದಲಿಸಿ. ಈಗಿನ ಅಂಕಿಯಲ್ಲಿ ಪ್ರೋಬ್ ಮತ್ತು ಗ್ರಾಫೀನ್ ಸೇರುವ ಜಾಗದ ರೋಧವೂ ಬೆರೆತಿದೆ.

ಉತ್ತರ 2
ಮಾದರಿ ಕೆಟ್ಟಿಲ್ಲ. ನೀವು ಅಳೆದದ್ದು ಹೆಚ್ಚಾಗಿ ಗಾಳಿಯನ್ನು.

ಗ್ರಾಫೀನಿನ ಒಂದೊಂದು ಪರಮಾಣುವೂ ಮೇಲ್ಮೈಯಲ್ಲೇ ಇದೆ. ಗಾಳಿಯ ನೀರಾವಿ, ಆಮ್ಲಜನಕ ಅದಕ್ಕೆ ಅಂಟಿ ಎಲೆಕ್ಟ್ರಾನ್‌ಗಳನ್ನು ಸೆಳೆದುಕೊಳ್ಳುತ್ತವೆ. ಹಾಳೆಯ ತುಂಬ ಹೋಲ್‌ಗಳು, ಅಂದರೆ ಎಲೆಕ್ಟ್ರಾನ್ ಖಾಲಿಯಾದ ಜಾಗಗಳು, ಉಳಿಯುತ್ತವೆ; ಅವೂ ವಿದ್ಯುತ್ ಒಯ್ಯುತ್ತವೆ. ಬಿಸಿ ಮಾಡಿದಾಗ ಅಂಟಿದ್ದು ಹಾರಿಹೋಗುತ್ತದೆ, ಹೋಲ್‌ಗಳು ಕಡಿಮೆಯಾಗುತ್ತವೆ, ರೋಧ ಏರುತ್ತದೆ. ರಾತ್ರಿಯಿಡೀ ಗಾಳಿಯಲ್ಲಿಟ್ಟರೆ ಮತ್ತೆ ಅಂಟಿಕೊಳ್ಳುತ್ತದೆ. ನಿಮ್ಮ ಬೆಳಗಿನ 2.0 ಅದೇ.

ಫೋನಾನ್‌ಗಳ ಲೆಕ್ಕ ಹಾಕಿ ನೋಡಿ. ಗ್ರಾಫೀನಿನದೇ ಅಕೌಸ್ಟಿಕ್ ಫೋನಾನ್‌ಗಳು (ಶಬ್ದದ ಅಲೆಗಳಂಥ ಕಂಪನಗಳು) ಪ್ರತಿ ಚೌಕಕ್ಕೆ, ಪ್ರತಿ ಡಿಗ್ರಿಗೆ ಸುಮಾರು 0.1 ಓಮ್ ಸೇರಿಸುತ್ತವೆ. 80 ಡಿಗ್ರಿಗೆ 8 ಓಮ್. ಕೆಳಗಿನ ಆಕ್ಸೈಡಿನ ಕಂಪನಗಳ ಪಾಲು ಇದಕ್ಕಿಂತ ದೊಡ್ಡದು, ಬಿಸಿ ಏರಿದಂತೆ ಕಡಿದಾಗಿ ಬೆಳೆಯುತ್ತದೆ. ಆದರೆ ಎರಡೂ ತಣ್ಣಗಾದ ಕೂಡಲೇ ಹಿಂದೆ ಸರಿಯುತ್ತವೆ. ಹೋದ ದಾರಿಯಲ್ಲೇ ಮರಳದ ವಕ್ರರೇಖೆಯನ್ನು ಫೋನಾನ್‌ಗಳ ತಲೆಗೆ ಕಟ್ಟಲಾಗದು.

ನಿರ್ವಾತದಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಹೊರತೆಗೆಯದೆ ಅಲ್ಲೇ ಅಳೆಯಿರಿ. ಸಿಲಿಕಾನನ್ನೇ ಗೇಟ್ ಆಗಿ (ವಿದ್ಯುತ್ ಒಯ್ಯುವ ವಾಹಕಗಳ ಸಂಖ್ಯೆಯನ್ನು ವೋಲ್ಟೇಜ್‌ನಿಂದ ಬದಲಿಸುವ ತುದಿಯಾಗಿ) ಬಳಸಿ ವೋಲ್ಟೇಜ್ ಬದಲಿಸುತ್ತಾ ರೋಧದ ಶಿಖರ ಎಲ್ಲಿದೆ ಎಂದು ಹುಡುಕಿ. ನಿಮ್ಮ ಆಕ್ಸೈಡಿನ ದಪ್ಪಕ್ಕೆ ಒಂದು ವೋಲ್ಟ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 7,000 ಕೋಟಿ ವಾಹಕಗಳು. ಶಿಖರ ಸೊನ್ನೆಯಿಂದ ಎಷ್ಟು ದೂರವೋ ಅಷ್ಟು ಹೋಲ್‌ಗಳು ಹೊರಗಿನಿಂದ ಬಂದಿವೆ ಎಂದರ್ಥ.

ಪ್ರಶ್ನೆ ಕೇಳಿದವರು
ಹಾಗೆಯೇ ಮಾಡಿದೆ ಸರ್, ನಾಲ್ಕು ಪ್ರೋಬ್‌ಗಳಿಂದ. ಗಾಳಿಯಲ್ಲಿ 46 ವೋಲ್ಟಿನಲ್ಲಿದ್ದ ಶಿಖರ ಕಾಯಿಸಿದ ಮೇಲೆ 7ಕ್ಕೆ ಬಂದಿದೆ. ಏರುವ, ಇಳಿಯುವ ರೇಖೆಗಳು ಒಂದರ ಮೇಲೊಂದು ಕೂತಿವೆ! ಆದರೆ ಗೇಟನ್ನು 7ರಲ್ಲೇ ನಿಲ್ಲಿಸಿ ಬಿಸಿ ಮಾಡಿದರೆ ರೋಧ ಇಳಿಯುತ್ತದೆ. ಗೇಟ್ ಮೈನಸ್ 40 ವೋಲ್ಟಿನಲ್ಲಿದ್ದರೆ ಏರುತ್ತದೆ. ಇದೂ ತಪ್ಪೇ?

ಉತ್ತರ 2
ತಪ್ಪಲ್ಲ, ಗ್ರಾಫೀನಿನ ಸ್ವಭಾವವೇ ಅದು. ಶಿಖರದಲ್ಲಿ ವಾಹಕಗಳು ತೀರಾ ಕಡಿಮೆ. ಎಲೆಕ್ಟ್ರಾನ್‌ಗಳ ಶಕ್ತಿಪಟ್ಟಿಗಳ ನಡುವೆ ಅಂತರವೇ ಇಲ್ಲದ ಕಾರಣ ಶಾಖವೇ ಎಲೆಕ್ಟ್ರಾನ್‌ಗಳನ್ನು ಮೇಲಕ್ಕೆತ್ತಿ ಹೊಸ ವಾಹಕಗಳನ್ನು ಹುಟ್ಟಿಸುತ್ತದೆ, ರೋಧ ಇಳಿಯುತ್ತದೆ. ಮೈನಸ್ 40ರಲ್ಲಿ ವಾಹಕಗಳು ಆಗಲೇ ಧಾರಾಳ; ಅಲ್ಲಿ ಶಾಖ ಮಾಡುವುದು ಅವುಗಳ ದಾರಿಗೆ ಅಡ್ಡ ಬರುವ ಕೆಲಸ ಮಾತ್ರ. ಇನ್ನು ಮುಂದೆ ಪ್ರತಿ ಅಳತೆಯ ಪಕ್ಕದಲ್ಲಿ ಗೇಟ್ ವೋಲ್ಟೇಜನ್ನೂ ಶಿಖರದ ಸ್ಥಾನವನ್ನೂ ಬರೆದಿಡಿ.