ಧ್ಯಾನ ಮಾಡುತ್ತೇನೆ, ಆದರೂ ಮಕ್ಕಳ ಮೇಲೆ ರೇಗುತ್ತೇನೆ. ನಿಮ್ಮ ಅನುಭವ ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಆಫೀಸಿನಲ್ಲಿ 11 ಜನರ ಟೀಮ್ ನೋಡಿಕೊಳ್ಳುತ್ತೇನೆ. ನಾಲ್ಕು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನಕ್ಕೆ ಕೂರುತ್ತಿದ್ದೇನೆ. ಮೊದಲು ಇಪ್ಪತ್ತು ನಿಮಿಷ ಇತ್ತು, ಈಗ ಒಂದೂವರೆ ಗಂಟೆ. ಕೂತಿರುವಷ್ಟು ಹೊತ್ತು ತುಂಬಾ ಹಿತವಾಗಿರುತ್ತದೆ. ಎದ್ದು ಅರ್ಧ ಗಂಟೆ ಆಗುವಷ್ಟರಲ್ಲಿ ಯಾರ ಮೇಲಾದರೂ ರೇಗಿರುತ್ತೇನೆ.

ಹೋದ ವಾರ ಮಗಳು ತಮ್ಮನಿಗೆ ಹೇಳುತ್ತಿದ್ದಳು: "ಅಪ್ಪ ಈಗ ತಾನೇ ಧ್ಯಾನದಿಂದ ಎದ್ದಿದ್ದಾರೆ. ಈಗ ಏನೂ ಕೇಳ್ಬೇಡ, ಬೈತಾರೆ." ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ನನ್ನ ಜೊತೆ ನಾನು ಇರಬೇಕು, ಜನರ ಜೊತೆ ಇರಬೇಕು, ದೇವರ ಜೊತೆಯೂ ಇರಬೇಕು. ಕೆಲಸದ ನಡುವೆ ಈ ಮೂರನ್ನೂ ಹೇಗೆ ಸರಿದೂಗಿಸುತ್ತೀರಿ? ಕೆಲಸವನ್ನೇ ಬಿಟ್ಟುಬಿಡಬೇಕಾ ಅಂತಲೂ ಯೋಚನೆ ಬರುತ್ತದೆ. ದಯವಿಟ್ಟು ಉಪದೇಶ ಬೇಡ. ನೀವೇ ಮಾಡಿ ನೋಡಿದ್ದನ್ನು ಹೇಳಿ.

ಐಸಿಯುನಲ್ಲಿ ನರ್ಸ್ ಆಗಿರುವವರು

ಸಾರ್, ಮಗಳ ಮಾತನ್ನು ಮುಚ್ಚಿಡದೆ ಹೇಳಿದಿರಲ್ಲ, ಅದಕ್ಕೇ ನಾನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ನಾನು ನರ್ಸ್ ಆಗಿ 22 ವರ್ಷ ಆಯಿತು. ಅದರಲ್ಲಿ 14 ವರ್ಷ ಐಸಿಯು. ನನ್ನದು ನಿಮ್ಮ ಕಷ್ಟದ ಇನ್ನೊಂದು ಮಗ್ಗುಲು. ನನಗೆ ಜನ ಜಾಸ್ತಿಯಾಗಿದ್ದರು. ಪಾಳಿಯಲ್ಲಿ ರೋಗಿಗಳು, ಅವರ ಕಡೆಯವರು, ಹೊಸದಾಗಿ ಸೇರಿದ ಹುಡುಗಿಯರು. ಮನೆಗೆ ಬಂದರೆ ಹಾಸಿಗೆ ಹಿಡಿದಿದ್ದ ಅತ್ತೆ. ಯಾರು ಕರೆದರೂ ಹೋಗುತ್ತಿದ್ದೆ. "ನೀವಿದ್ರೆ ನಮಗೆ ಧೈರ್ಯ ಸಿಸ್ಟರ್" ಅಂತ ಜನ ಅಂದರೆ ಎಷ್ಟು ಸುಸ್ತಾಗಿದ್ದರೂ ಮೈಯಲ್ಲಿ ಶಕ್ತಿ ಬರುತ್ತಿತ್ತು.

ಒಂದು ರಾತ್ರಿ ಮೂರು ಗಂಟೆಗೆ ಒಬ್ಬರು ತೀರಿಕೊಂಡರು. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದರು. ನಾನು ಅವರ ಭುಜದ ಮೇಲಿಂದ ಪಕ್ಕದ ಬೆಡ್ಡಿನ ಡ್ರಿಪ್ ನೋಡುತ್ತಾ, ಇನ್ನು ಎಷ್ಟು ಹೊತ್ತಿಗೆ ಖಾಲಿ ಆಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ. ಒಳಗೆ ಏನೂ ಆಗಲಿಲ್ಲ. ದುಃಖ ಇಲ್ಲ, ಮರುಕ ಇಲ್ಲ. ಆ ಖಾಲಿತನ ನೋಡಿ ನನಗೆ ನಿಜವಾಗಿಯೂ ಭಯ ಆಯಿತು.

ಆಮೇಲೆ ನಾನು ಏನು ಮಾಡಿದೆ ಗೊತ್ತಾ? ಇನ್ನೂ ಎರಡು ಡ್ಯೂಟಿ ಜಾಸ್ತಿ ಹಾಕಿಸಿಕೊಂಡೆ.

ಇದು ಅರ್ಥ ಆಗೋಕೆ ನನಗೆ ವರ್ಷಗಳೇ ಹಿಡಿದವು. ಎಲ್ಲೋ ತಪ್ಪುತ್ತಿದೆ ಅಂತ ಅನಿಸಿದಾಗ ನಾವು ನಮಗೆ ಚೆನ್ನಾಗಿ ಬರುವುದನ್ನೇ ಇನ್ನೂ ಜಾಸ್ತಿ ಮಾಡುತ್ತೇವೆ. ಜನರ ಹಿಂದೆ ಓಡುವವರು ಇನ್ನೂ ಓಡುತ್ತಾರೆ. ಒಂಟಿಯಾಗಿ ಇರುವವರು ಬಾಗಿಲು ಹಾಕಿಕೊಳ್ಳುತ್ತಾರೆ. ದೇವರನ್ನು ಹಿಡಿದವರು ಜಪ ಜಾಸ್ತಿ ಮಾಡುತ್ತಾರೆ. ಕೊರತೆ ಇರುವುದು ಅಲ್ಲಿ ಅಲ್ಲ. ನಾವು ತಪ್ಪಿಸಿಕೊಂಡು ಓಡಾಡುತ್ತೇವಲ್ಲ, ಆ ಜಾಗದಲ್ಲಿ. ನಿಮ್ಮ ಇಪ್ಪತ್ತು ನಿಮಿಷ ಒಂದೂವರೆ ಗಂಟೆ ಆಯಿತು. ಆ ಎಪ್ಪತ್ತು ನಿಮಿಷ ಎಲ್ಲಿಂದ ಬಂತು? ಯಾರಿಗೆ ಸಿಗಬೇಕಾದ ಹೊತ್ತು ಅದು? ಅಥವಾ ನಿಮ್ಮ ನಿದ್ದೆಯದ್ದಾ? ಇದೊಂದನ್ನು ಲೆಕ್ಕ ಹಾಕಿ ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಬರ್ನ್‌ಔಟ್ ಅನ್ನುವ ಮಾತನ್ನು ಈಗ ಎಲ್ಲರೂ ಹೇಳುತ್ತಾರೆ, ದುಡಿದು ದುಡಿದು ಒಳಗೆಲ್ಲಾ ಬರಿದಾಗಿಬಿಡುವುದಕ್ಕೆ. 1974ರಲ್ಲಿ ಅದರ ಬಗ್ಗೆ ಮೊದಲು ಬರೆದವರಲ್ಲಿ ಒಬ್ಬರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅನ್ನುವ ಮನಃಶಾಸ್ತ್ರಜ್ಞ. ಹಗಲೆಲ್ಲಾ ತಮ್ಮ ಕೆಲಸ ಮುಗಿಸಿ, ರಾತ್ರಿ ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ ಸೇವೆ ಮಾಡುತ್ತಿದ್ದರು. ಜೊತೆಯವರಲ್ಲಿ ನೋಡಿದ್ದನ್ನೂ ತಮಗೇ ಆದದ್ದನ್ನೂ ಇಟ್ಟುಕೊಂಡು ಬರೆದರು. ಯಾರಿಗೆ ಹೀಗಾಗುತ್ತದೆ ಅನ್ನುವುದಕ್ಕೆ ಅವರ ಉತ್ತರ: ಮನಸಾರೆ ದುಡಿಯುವವರಿಗೆ. ಅದನ್ನು ಓದಿದ ದಿನ ನಾನು ತುಂಬಾ ಹೊತ್ತು ಅತ್ತೆ.

ನಾನು ತಪ್ಪಿಸುತ್ತಿದ್ದದ್ದು ನನ್ನ ಜೊತೆಗೇ ಕೂರುವುದನ್ನು. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆ. ಪಾಳಿ ಮುಗಿದ ಮೇಲೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಐದು ನಿಮಿಷ, ಫೋನ್ ಬ್ಯಾಗಿನಲ್ಲಿಟ್ಟು ಸುಮ್ನೆ ಕೂರುವುದು. ಮೊದಲ ವಾರ ಆ ಐದು ನಿಮಿಷ ಕಳೆಯುವುದೇ ಕಷ್ಟ ಆಯಿತು. ಎದ್ದು ಓಡಿಹೋಗಬೇಕು ಅನಿಸುತ್ತಿತ್ತು. ಎರಡನೇ ವಾರ ಆ ರಾತ್ರಿ ಬರದೇ ಇದ್ದ ಅಳು ಬಂತು.

ಪಾಳಿಯ ನಡುವೆ ಧ್ಯಾನಕ್ಕೆಲ್ಲಾ ಸಮಯ ಎಲ್ಲಿ? ಆದರೆ ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಕೈಗೆ ಸ್ಯಾನಿಟೈಸರ್ ಹಾಕಿ ಉಜ್ಜಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ 20ರಿಂದ 30 ಸೆಕೆಂಡ್ ಅಂತ ಹೇಳುತ್ತದೆ. ಸೋಪಿನಲ್ಲಿ ತೊಳೆಯುವುದಾದರೆ 40ರಿಂದ 60. ಆ ಹೊತ್ತನ್ನು ನಾನು ಹಿಡಿದುಕೊಂಡೆ. ಅಂಗೈಗೆ ತಣ್ಣಗೆ ತಾಗುತ್ತದಲ್ಲ, ಅಲ್ಲಿ ಗಮನ. ಬೆರಳ ಸಂದಿ ಉಜ್ಜುವಾಗ ಒಂದು ಉಸಿರು, ಪೂರ್ತಿ ಹೊರಗೆ. ಹೆಬ್ಬೆರಳಿಗೆ ಬಂದಾಗ, ಈಗ ನೋಡಿಬಂದ ರೋಗಿಯನ್ನು ದೇವರ ಕೈಗೆ ಒಪ್ಪಿಸುತ್ತೇನೆ. ಕೈ ಒಣಗುವಷ್ಟರಲ್ಲಿ ಮುಂದಿನವರ ಹೆಸರನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಳ್ಳುತ್ತೇನೆ. ಬೆಡ್ ನಂಬರ್ ಅಲ್ಲ, ಹೆಸರು. ಪಾಳಿಗೆ ಐವತ್ತು ಸಲವಾದರೂ ಆಗುತ್ತದೆ. ನಾನು, ಜನ, ದೇವರು, ಮೂರೂ ಆ ಅರ್ಧ ನಿಮಿಷದಲ್ಲೇ ಇವೆ ಅಂತ ನನಗೆ ಅನಿಸುತ್ತದೆ.

ಇನ್ನೊಂದು ಮಾತು. ಸಿಸಿಲಿ ಸಾಂಡರ್ಸ್ ಅಂತ ಒಬ್ಬರಿದ್ದರು. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಆಮೇಲೆ ಓದಿ ಡಾಕ್ಟರ್ ಆದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದರು, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಜಾಗ. ನೋವು ಅನ್ನುವುದು ಮೈಯದ್ದು, ಮನಸ್ಸಿನದ್ದು, ಸಂಬಂಧಗಳದ್ದು, ಆತ್ಮದ್ದು, ಎಲ್ಲಾ ಒಟ್ಟಿಗೆ ಹೆಣೆದುಕೊಂಡಿರುತ್ತದೆ ಅಂತ ಅವರು ಹೇಳಿಕೊಟ್ಟರು. ನಾನಿದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಹಿರಿಯರು ರಾತ್ರಿ ಪೂರ್ತಿ ನೋವು ನೋವು ಅನ್ನುತ್ತಿದ್ದರು, ಔಷಧ ಹೆಚ್ಚಿಸಿದರೂ ನಿದ್ದೆ ಇಲ್ಲ. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಅವರ ತಮ್ಮ ಒಂದು ಸಂಜೆ ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ಜಾಸ್ತಿ ಏನೂ ಮಾತಾಡಲಿಲ್ಲ. ಔಷಧ ಮುಂದುವರಿಯಿತು, ಆದರೆ ಆ ರಾತ್ರಿ ಅವರು ನಿದ್ದೆ ಮಾಡಿದರು. ನಿಮ್ಮ ಸಿಟ್ಟನ್ನೂ ಹಾಗೆ ನೋಡಿ ಸಾರ್. ಉರಿಯುತ್ತಿರುವ ಜಾಗ ಒಂದು, ಗಾಯ ಇರುವ ಜಾಗ ಇನ್ನೊಂದು ಇರಬಹುದು.

ಒಂಬತ್ತು ವರ್ಷದಿಂದ ಧ್ಯಾನ ಮಾಡುತ್ತಿರುವವರು

ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಥೆಯನ್ನೇ ಓದಿದ ಹಾಗಾಯಿತು.

ಹತ್ತು ದಿನದ ಮೌನ ಶಿಬಿರಕ್ಕೆ ಮೂರು ಸಲ ಹೋಗಿದ್ದೇನೆ. ಮೂರನೇ ಸಲ ಮನೆಗೆ ಬಂದಾಗ ನನ್ನ ಹೆಂಡತಿಯ ತಾಯಿಗೆ ಕಾಯಿಲೆ ಅಂತ ಗೊತ್ತಾಗಿತ್ತು. ಅವಳು ಹೇಳಿಕೊಂಡು ಅತ್ತಾಗ ನಾನು "ಎಲ್ಲವೂ ಅನಿತ್ಯ, ನೋಡು" ಅಂದೆ. ಅವಳು ಕಣ್ಣೊರೆಸಿಕೊಂಡು ಎದ್ದುಹೋದಳು. ಆಮೇಲೆ ತಿಂಗಳುಗಟ್ಟಲೆ ಮನಸ್ಸಿನ ಮಾತು ಏನನ್ನೂ ನನ್ನ ಹತ್ತಿರ ಹೇಳಲಿಲ್ಲ. ಮನೆ ತುಂಬಾ ಶಾಂತವಾಗಿದೆ, ಸಾಧನೆ ಫಲ ಕೊಡುತ್ತಿದೆ ಅಂತ ನಾನು ಅಂದುಕೊಂಡಿದ್ದೆ. ಈಗಲೂ ಅದನ್ನು ನೆನೆಸಿಕೊಂಡರೆ ಹೊಟ್ಟೆ ಹಿಂಡಿದಂತಾಗುತ್ತದೆ.

ಬೌದ್ಧ ಧ್ಯಾನವನ್ನು ತಾವೇ ಮಾಡುತ್ತಿದ್ದ ಜಾನ್ ವೆಲ್‌ವುಡ್ ಅನ್ನುವ ಮನಃಶಾಸ್ತ್ರಜ್ಞ 1984ರಲ್ಲೇ ಇದಕ್ಕೊಂದು ಹೆಸರು ಕೊಟ್ಟರು, 'ಸ್ಪಿರಿಚುವಲ್ ಬೈಪಾಸಿಂಗ್' ಅಂತ. ಊರೊಳಗೆ ಹೋಗದೆ ಬೈಪಾಸ್ ರಸ್ತೆ ಹಿಡಿಯುತ್ತೇವಲ್ಲ, ಹಾಗೆ. ಎದುರಿಸಬೇಕಾದ ನೋವು, ಸಿಟ್ಟು, ಜಗಳ ಎಲ್ಲವನ್ನೂ ಬಿಟ್ಟು ಅಧ್ಯಾತ್ಮದ ದಾರಿಯಲ್ಲಿ ಸುತ್ತಿಕೊಂಡು ಹೋಗಿಬಿಡುವುದು. ಧ್ಯಾನ ಕೆಟ್ಟದ್ದು ಅಂತ ಅವರು ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಈಗಲೂ ದಿನಾ ಕೂರುತ್ತೇನೆ.

ಏನು ಬದಲಾಯಿಸಿದೆ ಅಂದರೆ, ಕೂರುವ ಹೊತ್ತನ್ನು ಅರ್ಧ ಮಾಡಿದೆ. ಇನ್ನು ಕಣ್ಣು ಬಿಟ್ಟ ತಕ್ಷಣ ಏಳುವುದಿಲ್ಲ. ತುಂಬಾ ಹೊತ್ತು ಮೌನದಲ್ಲಿದ್ದ ಕಿವಿಗೆ ಕುಕ್ಕರಿನ ಸದ್ದು, ಮಕ್ಕಳ ಗಲಾಟೆ ಎಲ್ಲಾ ಪೆಟ್ಟು ಕೊಟ್ಟ ಹಾಗೆ ಬೀಳುತ್ತದೆ. ನಿಮಗೂ ಹಾಗೇ ಆಗುತ್ತಿದೆ ಅಂತ ನನ್ನ ಊಹೆ. ಅದಕ್ಕೆ ಎದ್ದ ಮೇಲೆ ಐದು ನಿಮಿಷ ಕೈಕೆಲಸ ಮಾಡುತ್ತೇನೆ. ಹೊದಿಕೆ ಮಡಚುತ್ತೇನೆ, ಗಿಡಕ್ಕೆ ನೀರು ಹಾಕುತ್ತೇನೆ. ಅಲ್ಲಿಂದ ನಿಧಾನಕ್ಕೆ ಜನರ ನಡುವೆ ಬರುತ್ತೇನೆ. ದಿನದ ಮೊದಲ ಮಾತು ಪ್ರಶ್ನೆಯಾಗಿರಬೇಕು, ಆದೇಶ ಆಗಿರಬಾರದು ಅಂತ ನಿಯಮ ಮಾಡಿಕೊಂಡಿದ್ದೇನೆ. "ರಾತ್ರಿ ನಿದ್ದೆ ಬಂತಾ?" ಅಷ್ಟೇ. ಕೇಳಿ, ಉತ್ತರ ಮುಗಿಯುವ ತನಕ ನಿಲ್ಲುವುದು.

ನೀವು ಮಲಗುವುದು ಎಷ್ಟು ಹೊತ್ತಿಗೆ? ಅದನ್ನು ಬರೆದೇ ಇಲ್ಲ. ದೊಡ್ಡವರಿಗೂ ಏಳು ಗಂಟೆ ನಿದ್ದೆ ಬೇಕು. ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿ. ಕೂತಾಗ ಎದೆ ಡವಡವ ಅನ್ನುವುದು, ಭಯ ಜಾಸ್ತಿ ಆಗುವುದು ಏನಾದರೂ ಇದ್ದರೆ ಕೂರುವುದನ್ನು ನಿಲ್ಲಿಸಿ, ಡಾಕ್ಟರ್ ಹತ್ತಿರ ಮಾತಾಡಿ. ಹಠ ಬೇಡ.

ಟೀಮ್ ನಡೆಸಿದವರು

ಎಲ್ಲರೂ ಒಳಗಿನ ಮಾತು ಹೇಳಿದ್ದಾರೆ. ನಾನು ಹೊರಗಿನದ್ದು ಕೇಳುತ್ತೇನೆ. ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕೆಲಸದಿಂದ ಬರುವ ಸ್ಥಿತಿ ಅಂತ ವಿವರಿಸಿತು, ಕಾಯಿಲೆ ಅಂತ ಅಲ್ಲ. ಲಕ್ಷಣ ಮೂರು: ಶಕ್ತಿಯೇ ಇಲ್ಲದ ಹಾಗೆ ಸುಸ್ತು, ಕೆಲಸದಿಂದ ಮನಸ್ಸು ದೂರ ಆಗುವುದು, ಮಾಡಿದ್ದು ಯಾವುದೂ ಸರಿ ಬರುತ್ತಿಲ್ಲ ಅನಿಸುವುದು. 2021ರಲ್ಲಿ ಅದೇ ಸಂಸ್ಥೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜೊತೆ ಸೇರಿ ಒಂದು ಅಂದಾಜು ಕೊಟ್ಟಿತು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಹೆಚ್ಚು. ಇದಕ್ಕೆ ಧ್ಯಾನ ಮದ್ದಲ್ಲ. ಹೊರೆ ಇಳಿಸಬೇಕು, ಅಷ್ಟೇ.

ನಾನಿದ್ದ ಒಂದು ಆಫೀಸಿನಲ್ಲಿ ಗೋಡೆ ಮೇಲೆ 'ಕಾಯಕವೇ ಕೈಲಾಸ' ಅಂತ ದೊಡ್ಡದಾಗಿ ಬರೆದಿತ್ತು. ರಾತ್ರಿ ಹತ್ತಾದರೂ ಯಾರೂ ಏಳುವ ಹಾಗಿರಲಿಲ್ಲ. ಆ ಮಾತಿನ ಇನ್ನೊಂದು ಅರ್ಧ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. 12ನೇ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಇದ್ದರು, ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದರು. ಹೆಂಡತಿ ಲಕ್ಕಮ್ಮ, ನಮಗೆ ಇಷ್ಟು ಯಾಕೆ, ಜಾಸ್ತಿ ಇದ್ದದ್ದನ್ನು ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದರು. ಕೆಲಸವೇ ಪೂಜೆ ಅಂದ ಮನೆಯಲ್ಲೇ 'ಇಷ್ಟು ಸಾಕು' ಅನ್ನುವ ಮಾತೂ ಹುಟ್ಟಿದೆ. ನನಗೆ ಲಕ್ಕಮ್ಮನವರೇ ದೊಡ್ಡ ಗುರು. ಅವರನ್ನು ನೆನೆದು ನಾನು ನನ್ನ ಟೀಮಿನವರಿಗೆ ರಾತ್ರಿ ಮೆಸೇಜ್ ಕಳಿಸುವುದನ್ನು ನಿಲ್ಲಿಸಿದೆ. ಕೆಲಸ ಬಿಡುವ ಮೊದಲು ನೀವೂ ಅದೊಂದು ಮಾಡಿ ನೋಡಿ. ನಿಮ್ಮ 11 ಜನರ ಮನೆಯಲ್ಲೂ ಮಕ್ಕಳಿರುತ್ತಾರೆ ಅಲ್ವಾ?

ಶಾಲೆಯಲ್ಲಿ ಪಾಠ ಮಾಡುವವರು

ನನಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೂ ನೀವು ಹೇಳುವ ಮೂರನೆಯದ್ದು ನನಗೂ ಬೇಕು ಅಂತ ಅನಿಸುತ್ತದೆ.

ಸಿಸ್ಟರ್ ಹೆಸರಿನ ಬಗ್ಗೆ ಬರೆದಿದ್ದಾರಲ್ಲ, ನನ್ನದೂ ಅದೇ. ತರಗತಿಯಲ್ಲಿ 42 ಮಕ್ಕಳು. ಮೊದಲೆಲ್ಲಾ ಹಾಜರಿ ಕರೆಯುವಾಗ ಪುಸ್ತಕ ನೋಡಿಕೊಂಡೇ ಕರೆಯುತ್ತಿದ್ದೆ. ಈಗ ಹೆಸರು ಕರೆದು, ತಲೆ ಎತ್ತಿ ಆ ಮಗುವಿನ ಮುಖ ನೋಡಿ, ಆಮೇಲೆ ಗುರುತು ಹಾಕುತ್ತೇನೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಯಾರಿಗೆ ಜ್ವರ, ಯಾರು ಮನೆಯಲ್ಲಿ ಅತ್ತು ಬಂದಿದ್ದಾರೆ, ಎಲ್ಲಾ ಆಗಲೇ ಗೊತ್ತಾಗಿಬಿಡುತ್ತದೆ. ನನಗೆ ಪ್ರಾರ್ಥನೆ ಅಂತ ಇರುವುದು ಅದೊಂದೇ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್ ಕೇಳಿದ ಲೆಕ್ಕ ಹಾಕಿದೆ. ಎಪ್ಪತ್ತು ನಿಮಿಷದಲ್ಲಿ ನಲವತ್ತು ನಿದ್ದೆಯದ್ದು. ಉಳಿದದ್ದು ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತು. ಅದನ್ನು ಪೂರ್ತಿ ಹೆಂಡತಿಯ ಮೇಲೆ ಹಾಕಿದ್ದೆ. ಈಗ ಹತ್ತೂವರೆಗೆ ಮಲಗುತ್ತಿದ್ದೇನೆ, ಅರ್ಧ ಗಂಟೆ ಕೂರುತ್ತಿದ್ದೇನೆ. ಮೊದಲ ವಾರ ಏನೋ ಕಳೆದುಕೊಂಡ ಹಾಗೆ ಚಡಪಡಿಸಿದೆ.

ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು ಕಷ್ಟದ ಮಾತುಗಳನ್ನು. ಟೀಮಿನ ಒಬ್ಬ ಹುಡುಗನ ತಂದೆ ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. ನಾನು ಒಂದು ಮೆಸೇಜ್ ಹಾಕಿ ಸುಮ್ಮನಾಗಿದ್ದೆ, ಏನು ಮಾತಾಡಬೇಕೋ ಗೊತ್ತಿರಲಿಲ್ಲ. ಹೋದ ಗುರುವಾರ ಅವನನ್ನು ಕರೆದುಕೊಂಡು ಹೊರಗೆ ನಡೆದೆ. "ಅಪ್ಪನ ಬಗ್ಗೆ ಹೇಳು" ಅಂದೆ ಅಷ್ಟೇ. ಇಪ್ಪತ್ತು ನಿಮಿಷ ಮಾತಾಡಿದ.

ಮಗಳಿಗೆ, "ನೀನು ಹೇಳಿದ್ದು ನನಗೆ ಕೇಳಿಸ್ತು ಪುಟ್ಟಾ, ತಪ್ಪು ನಂದೇ" ಅಂದೆ. ಮೊದಲು ಹೆದರಿದಳು. ಬೈಯುತ್ತಾರೆ ಅಂದುಕೊಂಡಳೇನೋ. ಈಗಲೂ ಬೆಳಿಗ್ಗೆ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ, ಆಮೇಲೆ ಒಳಗೆ ಬರುತ್ತಾಳೆ. ಅದು ನೋಡಿದಾಗ ಸಂಕಟ ಆಗುತ್ತದೆ. ಇದು ಹೋಗುತ್ತದಾ ಸಿಸ್ಟರ್?

ಐಸಿಯುನಲ್ಲಿ ನರ್ಸ್ ಆಗಿರುವವರು

ಹೋಗುತ್ತದೆ ಸಾರ್, ಆದರೆ ಬೇಗ ಅಲ್ಲ. ನಾಲ್ಕು ವರ್ಷ ನೋಡಿದ್ದಾಳೆ. ಅವಳು ಬಾಗಿಲಲ್ಲಿ ನಿಂತು ನೋಡುವಾಗ ನೀವು ಬೇರೆ ಕಡೆ ತಿರುಗಬೇಡಿ, ಬಲವಂತಕ್ಕೆ ನಗುವುದೂ ಬೇಡ. ಹೊದಿಕೆಯ ಒಂದು ತುದಿ ಅವಳ ಕೈಗೆ ಕೊಡಿ. ದೊಡ್ಡ ಹೊದಿಕೆ ಮಡಚೋಕೆ ಇಬ್ಬರು ಬೇಕಾಗುತ್ತದೆ.