ಸಹಾಯ ಬೇಕು: ಕೊಡಗಿನ ಮಳೆಯಲ್ಲಿ ಒಣಗುವ ಬಟ್ಟೆ ಡೈಪರ್ ಯಾವುದು?

ನಮಸ್ಕಾರ. ನಾವು ಭಾಗಮಂಡಲದ ಹತ್ತಿರ ಇರೋದು. ಮಗಳಿಗೆ 7 ತಿಂಗಳು, 8 ಕೆಜಿ ಇದ್ದಾಳೆ. ದಿನಾ ಅಂಗಡಿ ಡೈಪರ್ ಹಾಕುತ್ತೇವೆ, ಅದನ್ನು ಬಿಡುವ ಯೋಚನೆ ಇಲ್ಲ. ಆದರೆ ಹೋದ ವಾರ ಮರ ಬಿದ್ದು ರಸ್ತೆ ಬಂದ್ ಆದಾಗ ಪ್ಯಾಕೆಟ್‌ನಲ್ಲಿ ಎರಡೇ ಉಳಿದಿತ್ತು. ತುಂಬಾ ಕಷ್ಟ ಆಯಿತು. ಅದಕ್ಕೇ ಅಂಥ ದಿನಕ್ಕೆ ಅಂತ ಸ್ವಲ್ಪ ಬಟ್ಟೆ ಡೈಪರ್ ಇಟ್ಟುಕೊಳ್ಳಬೇಕು.

ಒಂದು ಪಾಕೆಟ್ ಡೈಪರ್ (ಹೊರಗಿನ ಕವರ್‌ನ ಜೇಬಿನಂಥ ಜಾಗದೊಳಗೆ ಪ್ಯಾಡ್ ತೂರಿಸುವ ಬಟ್ಟೆ ಡೈಪರ್) ತರಿಸಿ ನೋಡಿದೆ. ಹೊರಗಿನ ಕವರ್ ಬೇಗ ಒಣಗುತ್ತದೆ. ಒಳಗಿನ ದಪ್ಪ ಹತ್ತಿ ಪ್ಯಾಡ್ ಮಾತ್ರ ಬಚ್ಚಲ ಒಲೆ ಪಕ್ಕದ ಹಗ್ಗದಲ್ಲಿ ಮೂರು ದಿನ ಇದ್ದರೂ ಹೊಲಿಗೆ ಹತ್ತಿರ ತಣ್ಣಗೇ ಇತ್ತು. ಮುಗ್ಗಲು ವಾಸನೆ ಬೇರೆ. ಅತ್ತೆ ಹಳೇ ಪಂಚೆ ಹರಿದು ಮಡಚಿ ಕಟ್ಟಿದರು. ಬಿಡಿಸಿದರೆ ಒಂದೇ ಪದರ ಅಲ್ವಾ, ರಾತ್ರಿ ಕಳೆಯೋದರಲ್ಲಿ ಒಣಗಿತು. ಆದರೆ ಅರ್ಧ ಗಂಟೆಗೆ ಹಾಸಿಗೆವರೆಗೂ ಒದ್ದೆ.

ನನ್ನ ಗೊಂದಲ ಇಷ್ಟೇ. ಚೌಕದ ಹತ್ತಿ ಬಟ್ಟೆ ಮಡಚಿ ಮೇಲೆ ವಾಟರ್‌ಪ್ರೂಫ್ ಕವರ್ ಹಾಕಿದರೆ ಎರಡು ಗಂಟೆ ತಡೆಯುತ್ತದಾ? ಇಲ್ಲಾ, ಇರುವ ಪಾಕೆಟ್ ಡೈಪರ್ ಒಳಗೇ ಹತ್ತಿ ಪ್ಯಾಡ್ ಬದಲು ಮೈಕ್ರೋಫೈಬರ್ (ಸಣ್ಣ ಸಿಂಥೆಟಿಕ್ ಎಳೆಯ ಬಟ್ಟೆ) ಪ್ಯಾಡ್ ಇಡಲಾ? ಇಲ್ಲಿನ ಮಳೆಯಲ್ಲಿ ಬಳಸಿದವರು ದಯವಿಟ್ಟು ಹೇಳಿ: ಎರಡು ದಿನ ತಳ್ಳೋದಕ್ಕೆ ಎಷ್ಟು ಬಟ್ಟೆ, ಎಷ್ಟು ಕವರ್ ಬೇಕು?